ಇಪ್ಪತ್ತಾರನೆಯ ಜಾಗ

ಮುಂದೆ ಕಬ್ಬು ತುಂಬಿಕೊಂಡು ಹೋಗುತ್ತಿದ್ದ ಟ್ರಾಕ್ಟರನ್ನು ತೇಜಸ್ವಿನಿ ಹಿಂದೆ ಹಾಕಲಿಲ್ಲ. ಹಾರ್ನ್ ಒತ್ತಿದ್ದರೆ ಸಾಕಿತ್ತು, ಅವನು ಎಡಕ್ಕೆ ಸರಿದುಕೊಳ್ಳುತ್ತಿದ್ದ, ರಸ್ತೆಯೂ ಖಾಲಿಯಿತ್ತು. ಆದರೆ ನಂಜನಗೂಡು ಬಿಟ್ಟ ಗಳಿಗೆಯಿಂದ ಅವಳಿಗೆ ತಲುಪುವ ಅವಸರವೇನೂ ಇರಲಿಲ್ಲ. ಬೆನ್ನಿನ ಚೀಲದಲ್ಲಿ ಲ್ಯಾಪ್‌ಟಾಪ್ ಇತ್ತು, ಅದರಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ರಿಪೇರಿಯಿತ್ತು. ಮುಗಿಯದೆ ಉಳಿದದ್ದು ಒಂದೇ ಒಂದು ವಾಕ್ಯ. ಕೊಪ್ಪಲಿನ ಹಾಲಿನ ಡೈರಿಯಲ್ಲಿ ನಿಂತು ಆಡಬೇಕಾದ ಆ ವಾಕ್ಯವನ್ನು ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಜೋಡಿಸಿ ನೋಡುತ್ತಿದ್ದಳು. ಗಟ್ಟಿಯಾಗಿ ಹೇಳಿದಾಗಲೆಲ್ಲ ಅದು ಹಾಲು ಅಳೆಯುವ ಯಂತ್ರದ ದನಿಯಲ್ಲೇ ಹೊರಗೆ ಬರುತ್ತಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ. ಯಂತ್ರದ ದನಿ ಅವಳದೇ.

ಎರಡು ತಿಂಗಳ ಹಿಂದೆ ಕಂಪನಿಯ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು, ರೆಕಾರ್ಡಿಂಗಿಗೆ ಹೊರಗಿನ ಸದ್ದು ಸೇರದಿರಲೆಂದು ಮೇಲೊಂದು ಕಂಬಳಿ ಹೊದ್ದು, ಕೊಪ್ಪಲಿನ ನಲವತ್ತಮೂರು ಮನೆಯವರ ಹೆಸರನ್ನು ಒಂದೊಂದಾಗಿ ಓದಿದ್ದಳು. ನಿಂಗರಾಜು. ಪುಟ್ಟಗೌರಮ್ಮ. ಸಾಕಮ್ಮ. ಜವರಯ್ಯ. ಆಮೇಲೆ ಅಂಕಿಗಳು. ಆಮೇಲೆ ಮೂರು ವಾಕ್ಯ: ಹಾಲು ಚೆನ್ನಾಗಿದೆ. ದಯವಿಟ್ಟು ಕಾಯಿರಿ. ಹಾಲಿಗೆ ನೀರು ಬೆರೆತಿದೆ, ತೆಗೆದುಕೊಳ್ಳಲಾಗುವುದಿಲ್ಲ. ಮೂರನೆಯದು ಕೊಂಚ ಬಿಗಿಯಾಯಿತು, ಮೆತ್ತಗೆ ಮಾಡಿ ಎಂದಿದ್ದರು ಮ್ಯಾನೇಜರ್ ರವಿಚಂದ್ರ. ಇನ್ನೊಮ್ಮೆ ಓದಿದಳು. ಎರಡನೆಯ ಸಲ ಅದು ಮೆತ್ತಗಾಗಿ, ಮೆತ್ತಗಾದ್ದರಿಂದಲೇ ಇನ್ನಷ್ಟು ಚುಚ್ಚುವಂತಾಯಿತು. ತಪ್ಪು ಮಾಡಿದ ಹುಡುಗಿಯನ್ನು ಗದರದೆ ಕ್ಲಾಸಿನ ಎದುರು ನಕ್ಕು ಸುಮ್ಮನಾಗುವ ಟೀಚರಮ್ಮನ ಹಾಗೆ. ಇದೇ ಇರಲಿ, ಫಸ್ಟ್ ಕ್ಲಾಸಾಗಿದೆ ಎಂದರು ರವಿಚಂದ್ರ. ಅವಳಿಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ಬೆಳಿಗ್ಗೆ ಡೈರಿಯ ಸೆಕ್ರೆಟರಿ ಮಹಾದೇವಸ್ವಾಮಿ ಫೋನ್ ಮಾಡಿದಾಗ ಅವಳು ಕಾಫಿ ಸೋಸುತ್ತಿದ್ದಳು. "ಮೇಡಂ, ನಿಮ್ ಮಿಶಿನ್ನು ಜವರಯ್ಯನೋರ್ ಆಲ್ಗೇ ನೀರು ಅಂದ್ಬುಡ್ತು. ಪಂಚಾಯ್ತಿ ಅಧ್ಯಕ್ಷರಾಗಿದ್ದೋರು. ಜನ ಎಲ್ಲಾ ಮಿಶಿನ್ ಕೆಟ್ಟೋಗದೆ ಅಂತಾವ್ರೆ." ಆಮೇಲೆ, ಮಿಣುಕುತ್ತಿರುವ ಟ್ಯೂಬ್‌ಲೈಟಿನ ವಿಷಯ ಹೇಳುವವನ ಹಾಗೆ, "ಇಷ್ಟ್ ದಿನ ಸಾಕಮ್ಮಂಗ್ ಅಂತಿತ್ತು. ಅವ್ಳು ನಿನ್ನೆ ಸಂಜೆಗಂಟ ಬಂದ್ಲು, ಇವತ್ತು ಬರ್ನಿಲ್ಲ. ಈಗ ಇವ್ರಿಗ್ ಅಂತಾ ಅದೆ," ಎಂದ. ಎಷ್ಟು ದಿನ ಎಂದು ಕೇಳಿದಳು. "ಒಂಬತ್ತ್ ದಿವ್ಸ. ಎಲ್ಡೊತ್ತೂ ವಾಪಸ್ ಮಾಡುದ್ವಿ. ಆಕಿಲ್ಲ ಆಕಿಲ್ಲ ಅಂತ್ಲೇ ಇದ್ಲು. ಎಲ್ರೂ ಅಂಗೇ ಅಲ್ವ ಮೇಡಂ ಅನ್ನೋದು." ನಮಗೆ ಆಗಲೇ ಯಾಕೆ ಫೋನ್ ಮಾಡಲಿಲ್ಲ ಎಂದಳು. "ಮಿಶಿನ್ನು ಸುಳ್ ಏಳದಾ ಅಂದ್ಕಂಡೊ," ಎಂದ ಮಹಾದೇವಸ್ವಾಮಿ. ಕಾಫಿ ಆರಿ ತಣ್ಣಗಾಯಿತು. ಅದನ್ನು ಹಾಗೇ ಕುಡಿದಳು.

ಯಂತ್ರ ಕಳಿಸಿದ್ದ ದಾಖಲೆ ತೆರೆದು ನೋಡಿದರೆ, ಮಾತಾಡುವ ಹೊಸ ತಂತ್ರಾಂಶ ಹಾಕಿದ ಮೊದಲ ದಿನದಿಂದ ಒಂಬತ್ತು ದಿನ, ಹದಿನೆಂಟು ಹೊತ್ತು, ಅದೇ ಸಾಲು, ಅದೇ ಹೆಸರು. ಕೊಪ್ಪಲಿನ ಡೈರಿಯಲ್ಲಿ ಸಾಲು ಎಂದರೆ ಮೊದಲು ಬಂದವರು ಮೊದಲು ಎಂದಲ್ಲ. ಡೈರಿ ಶುರುವಾದ ವರ್ಷ ಯಾವ ಮನೆಯವರು ಯಾವ ಕ್ರಮದಲ್ಲಿ ಹೆಸರು ಬರೆಸಿದರೋ ಅದೇ ಕ್ರಮ ಇಂದಿಗೂ. ಮನೆಯವರಿಗೆ ಆಗದಿದ್ದರೆ ಪಕ್ಕದವರು ಅವರ ಕ್ಯಾನು ತಂದು ಅವರ ಜಾಗದಲ್ಲೇ ನಿಲ್ಲುತ್ತಾರೆ. ಸಾಕಮ್ಮನದು ಇಪ್ಪತ್ತಾರನೆಯ ಜಾಗ, ಅತ್ತೆಯಿಂದ ಬಂದದ್ದು. ಇವತ್ತು ಅವಳು ಬಾರದ್ದರಿಂದ ಅವಳ ಹಿಂದಿನ ಜವರಯ್ಯ ಇಪ್ಪತ್ತಾರನೆಯವನಾಗಿದ್ದ. ಯಂತ್ರಕ್ಕೂ ಒಂದು ಪದ್ಧತಿಯಿದೆ: ಇಪ್ಪತ್ತೈದು ಮನೆಯ ಹಾಲು ಅಳೆದ ಮೇಲೆ ಅದು ತನ್ನ ಕೊಳವೆಯನ್ನು ನೀರಿನಲ್ಲಿ ತೊಳೆದುಕೊಳ್ಳುತ್ತದೆ. ಈ ಎರಡು ಪದ್ಧತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಕೂಡಲೇ ತೇಜಸ್ವಿನಿಗೆ ಎಲ್ಲಾ ಗೊತ್ತಾಯಿತು. ನಾಚಿಕೆಯಾಯಿತು. ಒಬ್ಬಳೇ ಕೂತಿದ್ದ ಅಡುಗೆಮನೆಯಲ್ಲಿ ಸೆರಗಿಲ್ಲದ ಚೂಡಿದಾರದ ಮೇಲೆ ಸೆರಗು ಎಳೆದುಕೊಳ್ಳುವವಳಂತೆ ಕೈ ಎದೆಗೆ ಹೋಯಿತು.

ಯಂತ್ರದ ಒಡಲಿನಲ್ಲಿ ಎಲ್ಲಕ್ಕೂ ಕೆಳಗೆ ಕೂತು, ಯಾರಿಗೆ ಎಷ್ಟು ಮೆಮೊರಿ ಎಂದು ಹಂಚುವ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅದು ಧಾರಾಳಿ. ಎಂಟು ಬೈಟಿನ ಪುಟಾಣಿ ಅಂಕಿಗೂ ನೂರ ಇಪ್ಪತ್ತೆಂಟು ಬೈಟಿನ ಜಾಗ ಬಿಡುತ್ತದೆ. ಮಿಕ್ಕ ನೂರ ಇಪ್ಪತ್ತು ಬೈಟು ಪಾಳು. ಪಾಳು ಬಿಡುವುದಕ್ಕೆ ಕಾರಣವೂ ಇದೆ. ಪ್ರೊಸೆಸರು ಒಂದೊಂದೇ ಅಂಕಿಯನ್ನು ಎತ್ತುವುದಿಲ್ಲ. ಅಕ್ಕಪಕ್ಕದ್ದನ್ನೂ ಸೇರಿಸಿ ಒಂದು ಹಿಡಿ ಎತ್ತುತ್ತದೆ, ಒಂದನ್ನು ತಿದ್ದಿದರೂ ಇಡೀ ಹಿಡಿಯನ್ನೇ ವಾಪಸು ಸುರಿಯುತ್ತದೆ. ಅಷ್ಟರಲ್ಲಿ ಹಾಲಿನ ಸೆನ್ಸರು ಅಲ್ಲೇ ಪಕ್ಕದಲ್ಲಿ ಹೊಸ ಅಳತೆ ಬರೆದಿದ್ದರೆ, ಹಿಡಿಯೊಳಗಿನ ಹಳೆಯ ಅಳತೆ ಬಂದು ಅದರ ಮೇಲೆ ಕೂತುಬಿಡುತ್ತದೆ. ಹಾಗಾಗದಿರಲೆಂದು ನಡುವೆ ಅಷ್ಟಗಲ ಬದು. ಯಂತ್ರ ಮಾತಾಡಬೇಕು ಎಂದಾಗ ಹೆಸರು, ಅಂಕಿ, ವಾಕ್ಯಗಳ ದನಿಗೆಲ್ಲ ಮೆಮೊರಿ ಬೇಕಾಯಿತು. ಹಳೆಯ ಪೆಟ್ಟಿಗೆಗಳಲ್ಲಿ ಅಷ್ಟಿರಲಿಲ್ಲ. ನಾನೂರು ಊರಿನ ಪೆಟ್ಟಿಗೆ ಬದಲಾಯಿಸಬೇಕಾಗುತ್ತದಲ್ಲ ಎಂದು ರವಿಚಂದ್ರ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಅವಳು, ಬೇಡ ಸರ್, ಇರೋದರಲ್ಲೇ ಜಾಗ ಮಾಡಿಕೊಡ್ತೀನಿ ಎಂದಿದ್ದಳು. ಒಂದು ತಿಂಗಳು ಕೂತು ಬದುಗಳನ್ನೆಲ್ಲ ಕೆತ್ತಿ, ಎಂಟು ಬೈಟಿನ ಅಂಕಿಗೆ ಎಂಟೇ ಬೈಟಿನ ಜಾಗ ಬಿಟ್ಟಳು. ಸೆನ್ಸರು, ಪ್ರಿಂಟರು, ತೂಕದ ತಟ್ಟೆಯಂಥವು ಬರೆಯುವುದಕ್ಕೆ ಬೇರೆಯೇ ಒಂದು ಅಗಲದ ಜಾಗ ಮಾಡಿ, ಅಲ್ಲಿಂದ ನಕಲು ತಂದುಕೊಳ್ಳುವ ದಾರಿ ಹಾಕಿದಳು. ಅಂಥ ಸಾಮಾನುಗಳನ್ನು ನಡೆಸುವ ತಂತ್ರಾಂಶದ ತುಣುಕುಗಳು ಒಟ್ಟು ಹನ್ನೆರಡು. ಹನ್ನೊಂದನ್ನು ಸಾಲು ಸಾಲಾಗಿ ಓದಿ, ಎಲ್ಲವೂ ಹೊಸ ದಾರಿಯಲ್ಲೇ ನಡೆಯುತ್ತವೆಂದು ಖಾತ್ರಿ ಮಾಡಿಕೊಂಡಳು. ಹನ್ನೆರಡನೆಯದು ಹಾಲಿನ ಸೆನ್ಸರಿನದು, ಆರು ವರ್ಷದ ಹಿಂದೆ ತಾನೇ ಬರೆದದ್ದು. ನನ್ನದೇ ಬರಹ, ನೋಡುವುದೇನಿದೆ ಎಂದುಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಹೆಗ್ಗಣ ಹಳೆಯ ದಾರಿಯಲ್ಲೇ ಓಡಾಡುತ್ತಿತ್ತು. ಎಷ್ಟು ಮನೆಯಾಯಿತೆಂದು ಎಣಿಸುವ, ತೊಳೆದ ಮೇಲೆ ಸೊನ್ನೆಗೆ ತಿರುಗಿಸಿಡುವ ಲೆಕ್ಕದಂಕಿಯೂ ಹಾಲಿನ ಅಳತೆಯೂ ಈಗ ಒಂದೇ ಹಿಡಿಯಲ್ಲಿದ್ದವು. ಆ ಅಂಕಿಯನ್ನು ಸೊನ್ನೆ ಮಾಡಿ ಹಿಡಿ ಸುರಿದಾಗ, ತೊಳೆದ ನೀರಿನ ಹಳೆಯ ಅಳತೆ ಹೊಸ ಹಾಲಿನ ಅಳತೆಯ ಮೇಲೆ ಕೂರುತ್ತಿತ್ತು. ಯಂತ್ರ ಪ್ರತಿಯೊಬ್ಬರ ಹಾಲನ್ನೂ ಐದು ಸಲ ಅಳೆದು ಸರಾಸರಿ ತೆಗೆಯುತ್ತದೆ. ಇಪ್ಪತ್ತಾರನೆಯವರ ಐದು ಅಳತೆಯಲ್ಲಿ ಒಂದು ಮಾತ್ರ ಯಂತ್ರ ತೊಳೆದ ನೀರಿನದು. ಐದನೇ ಒಂದು ಪಾಲು ನೀರು. ನಂಬುವುದಕ್ಕೆ ಅಳತೆ ಮಾಡಿಟ್ಟಂತಿತ್ತು.

ಬದು ಎಂಬ ಮಾತು ಅವಳ ತಲೆಗೆ ಬಂದದ್ದು ಇವತ್ತಲ್ಲ, ಆ ಕೆಲಸ ಮಾಡುವಾಗಲೇ ಬಂದಿತ್ತು. ತಿ. ನರಸೀಪುರದ ಆಚೆ ನಾಲೆ ಬಯಲಿನಲ್ಲಿ, ನಾಟಿಗೆ ಮುಂಚೆ, ಅಪ್ಪ ಬದು ಕೆತ್ತುತ್ತಿದ್ದ. ಹುಲ್ಲು ಕೆತ್ತುವ ನೆಪದಲ್ಲಿ ಗುದ್ದಲಿ ಒಂದು ಬೆರಳಷ್ಟು ಹೆಚ್ಚಿಗೆ ಆಚೆಗೆ ಹೋಗುತ್ತಿತ್ತು. ವರ್ಷಕ್ಕೊಂದು ಬೆರಳು, ಎಲ್ಲರೂ ಮಾಡುವುದೇ. ಆಚೆಯ ಗದ್ದೆ ಪುಟ್ಟಮಾದಮ್ಮನದು, ಗಂಡನಿಲ್ಲದವಳು. ಆಳುಗಳಿಗೆ ಊಟದ ಮಕ್ಕರಿ ಹೊತ್ತು ಅವಳು ಆ ಬದುವಿನ ಮೇಲೆ ಪಾದ ಅಡ್ಡಡ್ಡ ಇಟ್ಟು ನಡೆಯುತ್ತಿದ್ದಳು. ನೇರ ಇಡುವಷ್ಟು ಅಗಲವಿರಲಿಲ್ಲ. ಒಂದು ಮಧ್ಯಾಹ್ನ ಜಾರಿ ಅಪ್ಪನ ಗದ್ದೆಯ ಕೆಸರಿಗೆ ಬಿದ್ದಳು. ಮುದ್ದೆಗಳು ಕೆಸರಿನಲ್ಲಿ ಉರುಳಿದವು. ಅಪ್ಪ ಓಡಿಹೋಗಿ ಕೈಹಿಡಿದು ಎತ್ತಿದ, ಮಕ್ಕರಿ ತೊಳೆದುಕೊಟ್ಟ, "ನೋಡ್ಕಂಡ್ ನಡೀಬಾರ್ದ ಪುಟ್ಟಮಾದಕ್ಕ," ಎಂದ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು. ಹತ್ತು ವರ್ಷದ ತೇಜಸ್ವಿನಿ ತೂಬಿನ ಮೇಲೆ ಕೂತು ಅದನ್ನು ಕೇಳಿಸಿಕೊಂಡಿದ್ದಳು. ಆ ದನಿಯನ್ನು ಅವಳು ಮತ್ತೆ ಕೇಳಿದ್ದು ಸ್ಟೋರ್ ರೂಮಿನ ಕಂಬಳಿಯೊಳಗೆ, ಎರಡನೆಯ ಸಲ ಮೆತ್ತಗೆ ಓದಿದಾಗ.

ದಾರಿಯಲ್ಲಿ ಹದಿನಾರು ಎಂಬ ಊರಿನ ಬಸ್‌ಸ್ಟಾಪಿನ ಎದುರು ಟೀ ಕುಡಿಯಲು ನಿಂತಾಗ ರವಿಚಂದ್ರರ ಫೋನ್ ಬಂತು. ಅವರು ಕೆಟ್ಟವರಲ್ಲ. ಈ ಕೆಲಸಕ್ಕಾಗಿ ಇಡೀ ಆಫೀಸಿನ ಎದುರು ಅವಳಿಗೆ ಶಾಲು ಹೊದಿಸಿದವರು. ಅವಳ ಅಮ್ಮನ ಆಪರೇಷನ್ನಿನ ದಿನ ಆಸ್ಪತ್ರೆಯಲ್ಲಿ ಬಂದು ಕೂತಿದ್ದವರು. "ಮೊದಲು ಹಾಕಿರೋದು ಇದೊಂದೇ ಊರಿಗೆ ಅಲ್ವಾ ತೇಜಸ್ವಿನಿ, ದೇವರು ದೊಡ್ಡವನು," ಎಂದರು. "ಮುಂದಿನ ವಾರ ನಾನೂರಕ್ಕೂ ಹೋಗೋದಿತ್ತು. ನೀವು ಅಲ್ಲಿ ಏನೂ ಬಿಡಿಸಿ ಹೇಳೋಕೆ ಹೋಗ್ಬೇಡಿ. ಅಪ್‌ಡೇಟ್ ಇತ್ತು ಅನ್ನಿ, ಹಾಕಿ, ಬಂದ್ಬಿಡಿ. ಅವರಿಗೆ ಕರ್ನಲ್ಲು ಗಿರ್ನಲ್ಲು ಅಂದ್ರೆ ಅರ್ಥ ಆಗತ್ತಾ?" ಅವಳು ಸರಿ ಸರ್ ಎಂದಳು. ಸರಿ ಸರ್ ಎನ್ನುವುದು ಅವಳ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆಂದರೆ, ಹೇಳಿ ಮುಗಿಸಿದ ಮೇಲೆ ತಾನು ಹೇಳಿದೆನೆಂದು ತಿಳಿಯುತ್ತಿತ್ತು.

ಡೈರಿಯ ಜಗುಲಿಯ ಮೇಲೆ ಮಹಾದೇವಸ್ವಾಮಿಯ ಜೊತೆ ಜವರಯ್ಯನೂ ಕೂತಿದ್ದ. ಬಿಳಿ ಪಂಚೆ, ಹೆಗಲಿಗೆ ಟವೆಲು, ಮುಖದಲ್ಲಿ ಒಂದೇ ದಿನದ ಅವಮಾನ. "ನಂದೇನೂ ಇಲ್ಲ ಬುಡವ್ವ, ಮಿಶಿನ್ನು. ಆದ್ರೆ ಜನದ್ ಮುಂದೆ ಅಂದ್ಬುಡ್ತಲ್ಲ. ಬೆಳಿಗ್ಗೆಯಿಂದ ಮುದ್ದೆ ಗಂಟ್ಲಲ್ ಇಳೀನಿಲ್ಲ," ಎಂದ. ಅವನ ಮಾತು ನಿಜವಾಗಿತ್ತು, ಅವಳಿಗೆ ಅವನ ಮೇಲೆ ಕನಿಕರವೂ ಬಂತು. "ಸಾಕಮ್ಮೋರಿಗೆ ಒಂಬತ್ತು ದಿನ ಅಂದಿತ್ತಲ್ಲ ಯಜಮಾನ್ರೇ," ಎಂದಳು. ಹೇಳಿದ ಮೇಲೆ ತಾನ್ಯಾವ ಬಾಯಲ್ಲಿ ಇವನನ್ನು ಕೇಳುತ್ತಿದ್ದೇನೆ ಅನ್ನಿಸಿತು. ಜವರಯ್ಯ ತನ್ನ ಚಪ್ಪಲಿ ನೋಡಿಕೊಂಡ. "ಅವ್ಳ್ ಇಂದ್ಗಡೇನೇ ನಿಂತಿರ್ತಿದ್ದೆ ನಾನು," ಎಂದ.

ಸಾಕಮ್ಮನ ಮನೆ ಎರಡು ಬೀದಿ ಆಚೆ, ನಾಲೆಯ ಏರಿಗೆ ಬೆನ್ನು ಮಾಡಿಕೊಂಡಿತ್ತು. ಮುಂದಿನ ಚಪ್ಪರದಲ್ಲಿ ಹಸು ಮೆಲುಕು ಹಾಕುತ್ತಿತ್ತು, ಪಕ್ಕದಲ್ಲಿ ಕರು ಸೋತಂತೆ ಮಲಗಿತ್ತು. ಬಾಗಿಲು ಅರೆ ತೆರೆದಿತ್ತು. ಹೇಗೆ ಕರೆಯಬೇಕೆಂದು ತಿಳಿಯದೆ ತೇಜಸ್ವಿನಿ ಒಂದು ಗಳಿಗೆ ನಿಂತಳು, ಆಮೇಲೆ "ಸಾಕಮ್ಮ" ಎಂದಳು. ಬಾಯಿಂದ ಬಿದ್ದಾಗಲೇ ಗೊತ್ತಾಯಿತು, ಕಂಬಳಿಯೊಳಗೆ ಓದಿದ್ದ ಹಾಗೆಯೇ ಓದಿದ್ದಳು. ಕೊನೆಯ ಅಕ್ಷರವನ್ನು ಸ್ವಲ್ಪ ಎತ್ತಿ, ಆಮೇಲೆ ಅಂಕಿ ಬರುತ್ತದೆ ಎನ್ನುವ ಹಾಗೆ. ಒಳಗೆ ಪಾತ್ರೆಯ ಸದ್ದು ನಿಂತಿತು.

"ಆಕಿಲ್ಲ ಕಣವ್ವ," ಎಂದಿತು ಒಳಗಿನ ದನಿ. "ನನ್ನೆತ್ತ ಮಕ್ಕಳಾಣೆಗೂ ನೀರ್ ಆಕಿಲ್ಲ."

ಹೊರಗೆ ಬಂದ ಸಾಕಮ್ಮ ಎದುರಿಗೆ ಜೀವಂತ ಹೆಂಗಸೊಬ್ಬಳು ನಿಂತಿರುವುದನ್ನು ಕಂಡು ಕೈ ಒರೆಸಿಕೊಳ್ಳುವುದನ್ನೂ ಮರೆತಳು. ಐವತ್ತರ ಆಸುಪಾಸು, ಗಟ್ಟಿ ಮೈಕಟ್ಟು. "ನೀನಾ ಅದು," ಎಂದಳು. "ನಾನು ವಯಸ್ಸಾದೋಳು ಅಂದ್ಕಂಡಿದ್ದೆ." ತೇಜಸ್ವಿನಿ ಆದದ್ದನ್ನು ಹೇಳಿದಳು. ಕರ್ನಲ್ಲು ಗಿರ್ನಲ್ಲು ಬೇಕಾಗಲಿಲ್ಲ. ಯಂತ್ರದೊಳಗೆ ಒಬ್ಬರ ಅಳತೆಗೂ ಇನ್ನೊಂದಕ್ಕೂ ನಡುವೆ ಬದು ಇತ್ತು, ಜಾಗ ಉಳಿಸೋಕೆ ನಾನು ಕೆತ್ತಿದೆ, ತೊಳೆದ ನೀರಿನ ಅಳತೆ ನಿಮ್ಮ ಹಾಲಿನ ಅಳತೆಗೆ ಬಂದು ಸೇರಿತು ಎಂದಳು. ಸಾಕಮ್ಮ ಬದು ಎಂದಾಗ ತಲೆಯಾಡಿಸಿದಳು. ಗದ್ದೆ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಅಂಗಾರೆ ನೀರು ಇತ್ತು," ಎಂದಳು.

"ಇತ್ತು. ನಿಮ್ಮ ಹಾಲಲ್ಲಿ ಅಲ್ಲ."

ಸಾಕಮ್ಮ ಚಪ್ಪರದ ಕಂಬ ಹಿಡಿದು ಕೂತಳು. "ಕ್ಯಾನು ತೊಳ್ದಿದ್ ನೀರ್ ಅಡೀಲಿ ನಿಂತಿತ್ತೇನೋ ಅಂತ ಬಟ್ಟೇಲ್ ಒರೆಸ್ದೆ. ಬಿಸ್ಲಲ್ ಬೋರ್ಲಾಕ್ದೆ. ಬನ್ನಿ, ನಿಮ್ಮೆದ್ರುಗೇ ಕರೀತೀನಿ ಅಂದೆ, ಯಾರೂ ಬರ್ನಿಲ್ಲ. ವಾಪಸ್ ತಂದಿದ್ದೆಲ್ಲ ಕರೂಗ್ ಬುಟ್ಟು ಅದ್ಕೂ ಬೇದಿ ಅತ್ಕಂಡದೆ ನೋಡು. ಆಮೇಕೆ ಒಂದಿನ ನಂಗೇ ಅನ್ಮಾನ ಬಂತು ಕಣವ್ವ. ನಾನೇ ಉಯ್ದು ಮರ್ತೋದ್ನಾ ಅಂತ." ಇಷ್ಟನ್ನೂ ಅವಳು ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದಳು. ತೇಜಸ್ವಿನಿಗೆ ಅಳು ಬಂತು. ಇಲ್ಲಿ ಅತ್ತರೆ ಅದನ್ನೂ ಇವಳೇ ಒರೆಸಬೇಕಾಗುತ್ತದೆಂದು ತಡೆದುಕೊಂಡಳು. ತಪ್ಪಾಯಿತು ಎಂದಳು. ದಾರಿಯುದ್ದಕ್ಕೂ ಜೋಡಿಸಿದ ವಾಕ್ಯದಲ್ಲಿ ಉಳಿದಿದ್ದು ಅದೊಂದೇ ಪದ.

"ಇಲ್ ಏಳುದ್ರೆ ನಂಗೊಬ್ಳಿಗೆ ಏಳ್ದಂಗಾಯ್ತು," ಎಂದಳು ಸಾಕಮ್ಮ. "ನೀನು ಅಂದಿದ್ದು ಇಲ್ಲಲ್ಲ."

ಸಂಜೆ ಹಾಲು ತರುತ್ತೀರಾ ಎಂದಾಗ, ನೋಡಾನ ಎಂದು ಕರುವಿನ ಕಡೆಗೆ ತಿರುಗಿದಳು.

ತಿರುಗಿ ಬಂದು ಡೈರಿಯ ಮೂಲೆಯ ಸ್ಟೂಲಿನಲ್ಲಿ ಲ್ಯಾಪ್‌ಟಾಪ್ ತೆರೆದಳು. ಹನ್ನೆರಡನೆಯ ತುಣುಕನ್ನು ಬೆಳಿಗ್ಗೆಯೇ ತಿದ್ದಿಯಾಗಿತ್ತು. ಅದನ್ನು ಹಾಕಿದರೆ ತಪ್ಪು ಹೋಗುತ್ತದೆ, ದನಿಯೂ ಉಳಿಯುತ್ತದೆ, ಶಾಲೂ ಉಳಿಯುತ್ತದೆ. ಬೆರಳು ಕೀಲಿಯ ಮೇಲೆಯೇ ಇತ್ತು. ಆದರೆ ಉಳಿದ ಹನ್ನೊಂದನ್ನು ನೋಡಿದ ಕಣ್ಣೂ ಇದೇ ಕಣ್ಣು. ಅವನ್ನು ಇನ್ನೊಬ್ಬರು ಕೂತು ಓದುವ ತನಕ ಬದುಗಳು ಮೊದಲಿದ್ದಷ್ಟೇ ಅಗಲ ಇರಲಿ ಎಂದುಕೊಂಡಳು. ಹಳೆಯದನ್ನೇ ಹಾಕಿದಳು. ಜಾಗ ಸಾಲದೆ ದನಿಯನ್ನು ಅಳಿಸಬೇಕಾಯಿತು. ನಲವತ್ತಮೂರು ಹೆಸರು, ಅಂಕಿ, ಮೂರು ವಾಕ್ಯ. ರವಿಚಂದ್ರರಿಗೆ ಎರಡು ಸಾಲಿನ ಮೆಸೇಜ್ ಕಳಿಸಿ ಫೋನನ್ನು ಚೀಲಕ್ಕೆ ಹಾಕಿದಳು. ಅದು ಚೀಲದೊಳಗೇ ಎರಡು ಸಲ ಗುನುಗಿತು. ಮಹಾದೇವಸ್ವಾಮಿ ಹತ್ತಿರ ಬಂದು ಬಗ್ಗಿ, "ಮೇಡಂ, ಕರೆಂಟ್ ಎಚ್ಚುಕಮ್ಮಿ ಆಗಿ ಅಂಗಾಗಿತ್ತು ಅಂದ್ಬುಡಿ. ನಿಮ್ಗೂ ವೈನಾಯ್ತದೆ, ನಮ್ಗೂ ವೈನಾಯ್ತದೆ," ಎಂದ. ಅವನ ಒಳ್ಳೆಯತನವನ್ನು ತಳ್ಳಿಹಾಕುವುದು ಕಷ್ಟವಾಗಿತ್ತು.

ಐದೂವರೆಗೆ ಸಾಲು ನಿಂತಿತು. ಸಾಕಮ್ಮ ಬಂದಿರಲಿಲ್ಲ. ತೇಜಸ್ವಿನಿ ಯಂತ್ರದ ಪಕ್ಕ ನಿಂತು, ಒಂಬತ್ತು ದಿನದಿಂದ ಈ ಯಂತ್ರ ಇಪ್ಪತ್ತಾರನೆಯವರಿಗೆ ಸುಳ್ಳು ಹೇಳಿದೆ, ಕರೆಂಟಿನಿಂದ ಅಲ್ಲ, ನಾನು ಮಾಡಿದ ತಪ್ಪಿನಿಂದ, ಸಾಕಮ್ಮೋರ ಹಾಲಿನಲ್ಲಿ ಒಂದು ತೊಟ್ಟೂ ನೀರಿರಲಿಲ್ಲ ಎಂದಳು. "ಮಿಶಿನ್ನಮ್ಮ ಇವ್ಳೇ ಕಣ್ಲಾ," ಎಂದ ಯಾರೋ ಹಿಂದೆ. ಇನ್ಯಾರೋ ನಕ್ಕರು. ನಗು ಬೇಗ ನಿಂತಿತು. ಒಬ್ಬೊಬ್ಬರಾಗಿ ಹಾಲು ಹಾಕತೊಡಗಿದರು. ಮೂಕವಾದ ಯಂತ್ರದ ತೆರೆಯ ಮೇಲೆ ಮೂಡಿದ್ದನ್ನು ಅವಳೇ ಬಾಯಿಬಿಟ್ಟು ಓದಿ ಹೇಳುತ್ತಿದ್ದಳು. ಇಪ್ಪತ್ತೈದು ಮುಗಿಯಿತು. ಯಂತ್ರ ಗುರ್ರೆಂದು ತೊಳೆದುಕೊಂಡಿತು. ಮುಂದೆ ಬರಬೇಕಾದ ಜವರಯ್ಯ ಬರಲಿಲ್ಲ. ಕ್ಯಾನು ಹಿಡಿದು ನಿಂತಲ್ಲೇ ನಿಂತ. ಅವನಿಗೂ ಯಂತ್ರಕ್ಕೂ ನಡುವೆ ಒಬ್ಬರು ನಿಲ್ಲುವಷ್ಟು ಸಿಮೆಂಟು ನೆಲ ಖಾಲಿ ಉಳಿಯಿತು. ಹಿಂದಿನವರು ಬೇಗ ಎನ್ನಲಿಲ್ಲ. ಮಹಾದೇವಸ್ವಾಮಿ ಗಡಿಯಾರ ನೋಡಿದ, ಪೆನ್ನು ಕೆಳಗಿಟ್ಟ.

ಸಾಕಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿದಾಗ ದೀಪ ಹಾಕುವ ಹೊತ್ತಾಗಿತ್ತು. ಬೇಗ ನಡೆಯಲಿಲ್ಲ. ಬಂದು ತನ್ನ ಜಾಗದಲ್ಲಿ ನಿಂತಳು, ಹಾಲು ಸುರಿದಳು, ರೂಢಿಯಂತೆ ಯಂತ್ರದ ಕಡೆಗೆ ಕಿವಿಕೊಟ್ಟಳು. ಯಂತ್ರ ಐದು ಸಲ ಅಳೆಯಿತು. ತೇಜಸ್ವಿನಿ ತೆರೆಯನ್ನು ಎರಡು ಸಲ ಓದಿಕೊಂಡಳು.

"ಸಾಕಮ್ಮ. ಫ್ಯಾಟು ನಾಲ್ಕು ಪಾಯಿಂಟ್ ಒಂದು. ಹಾಲು ಚೆನ್ನಾಗಿದೆ."

ಸಾಕಮ್ಮ ಕದಲಲಿಲ್ಲ. "ಇಂದ್ಗಡೆಯೋರ್ಗೆ ಕೇಳಿಸ್ನಿಲ್ಲ," ಎಂದಳು.

ಅವಳು ಇನ್ನೊಮ್ಮೆ, ಸಾಲಿನ ಕೊನೆಗೆ ಮುಟ್ಟುವ ಹಾಗೆ, ಮೆತ್ತಗೆ ಮಾಡದೆ ಹೇಳಿದಳು. ಸಾಕಮ್ಮ ಕ್ಯಾನಿನ ಮುಚ್ಚಳ ಹಾಕಿ, ಕಿರುಬೆರಳನ್ನು ಹೆಬ್ಬೆರಳಿನಿಂದ ಮಡಿಸಿದಳು.

"ಅದ್ನೆಂಟ್ ಸತಿ ಅಂದಿದ್ದೆ ನೀನು," ಎಂದಳು, ಕೋಪವಿಲ್ಲದೆ. "ಇದು ಒಂದು. ನಾಳಿಕೆ ಬೆಳಿಗ್ಗೆ ಆರ್ ಗಂಟೆಗೆ ಬತ್ತೀಯಲ್ಲ?"

ಬರ್ತೀನಿ ಎಂದಳು ತೇಜಸ್ವಿನಿ. ಸಾಕಮ್ಮ ಪಕ್ಕಕ್ಕೆ ಸರಿದಳು, ಜವರ‍ಯ್ಯ ಮುಂದೆ ಬಂದ.